ನಾಲ್ಕನೆಯ ರಾಡು

ಈ ಬರಹದಲ್ಲಿ ಗಡಿಯಾರದ ಹೊತ್ತು ಸಿಗುವುದಿಲ್ಲ. ಅವತ್ತು ಎಷ್ಟು ಗಂಟೆಗೆ ಏನಾಯಿತು ಎಂದು ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಕೊಡುವಾಗ ಪ್ರತಿ ಸಲವೂ ಅದನ್ನು ನಂಬಿದ್ದೇನೆ. ನನ್ನ ಹತ್ತಿರ ಉಳಿದಿರುವುದು ರಾಡುಗಳು ಮಾತ್ರ. ಬೋರ್‌ವೆಲ್ ಕೊರೆಯುವ ನಮಗೆ ಒಂದು ರಾಡು ಎಂದರೆ ಇಪ್ಪತ್ತು ಅಡಿ. ನೆಲದೊಳಗೆ ನಾಲ್ಕು ಇಳಿದಿದ್ದರೆ ನಾಲ್ಕೇ ಇಳಿದಿರುತ್ತವೆ, ಅದರಲ್ಲಿ ವಾದವಿಲ್ಲ. ಹಾಗಾಗಿ ರಾಡಿನಿಂದ ರಾಡಿಗೆ ಬರೆಯುತ್ತೇನೆ.

ಹುಮನಾಬಾದಿನಿಂದ ಹುಡಗಿ ಕಡೆಗೆ ಹೋಗುವಾಗ ಹೆದ್ದಾರಿಯಿಂದ ಇಳಿಜಾರಿಗೆ ಬಿದ್ದ ಎರಡು ಎಕರೆ ಹೊಲ. ಒಡೆಯರು ಮಾಣಿಕನಗರದಲ್ಲಿ ಪೂಜಾ ಸಾಮಾನಿನ ಅಂಗಡಿ ಇಟ್ಟವರು. ನಾವೆಲ್ಲ ಅವರನ್ನು ಸಾವುಕಾರ್ ಎನ್ನುತ್ತಿದ್ದೆವು. ಹೊಲದ ಮೇಲ್ಗಡೆ ನನ್ನ ರಿಗ್ ಲಾರಿ, ಅದರ ಪಕ್ಕ ಕಂಪ್ರೆಸರ್ ಲಾರಿ. ಕೆಳಗಡೆ ಅರವತ್ತು ಹೆಜ್ಜೆ ದೂರದಲ್ಲಿ ಒಂದು ಹಳೆಯ ತೆರೆದ ಬಾವಿ. ನಡುವೆ ಒಟ್ಟಿದ ಕೆಂಪು ಕಲ್ಲಿನ ರಾಶಿ, ಒಂದು ಬೇವಿನ ಮರ. ರಿಗ್ಗಿನ ಹತ್ತಿರ ನಿಂತರೆ ಬಾವಿ ಕಾಣುವುದಿಲ್ಲ. ಇದೊಂದನ್ನು ಆಮೇಲೆ ಮತ್ತೆ ಹೋಗಿ, ಅದೇ ಜಾಗದಲ್ಲಿ ನಿಂತು ಖಾತ್ರಿ ಮಾಡಿಕೊಂಡಿದ್ದೇನೆ.

ಸಾವುಕಾರರು ಒಂದೇ ಒಳ್ಳೆಯ ದಿನ ನೋಡಿ ಎರಡು ಕೆಲಸ ಹಚ್ಚಿದ್ದರು: ಮೇಲೆ ಹೊಸ ಬೋರು, ಕೆಳಗೆ ಹಳೆಯ ಬಾವಿಯ ಹೂಳು. ಹೂಳೆತ್ತಲು ಹುಡಗಿಯ ಗಂಡ ಹೆಂಡತಿ ಬಂದಿದ್ದರು. ಗಂಡ ಬಾವಿಗಿಳಿದು ಕಬ್ಬಿಣದ ಬುಟ್ಟಿಗೆ ಕೆಸರು ತುಂಬುವವನು, ಹೆಂಡತಿ ಮೇಲೆ ರಾಟೆಯಲ್ಲಿ ಎಳೆದು ಸುರಿಯುವವಳು. ಅವರು ಬೆಳಿಗ್ಗೆ ನಮ್ಮ ಲಾರಿಯ ಪಕ್ಕದಲ್ಲೇ ಹಾದು ಹೋಗಿದ್ದರು. ಅವಳ ಕೈಯಲ್ಲಿ ಒಂದು ಕಂದೀಲು ಇತ್ತು. ಬಿಸಿಲು ಬಿದ್ದ ಮೇಲೆ ಕಂದೀಲು ಯಾಕೆ ಎಂದು ನಾನು ಯಾರಿಗೋ ಹೇಳಿ ನಕ್ಕಿದ್ದೆ. ಅಂದರೆ ಅವರು ಅಲ್ಲಿರುವುದು ನನಗೆ ಗೊತ್ತಿತ್ತು. ಇದನ್ನು ಬರೆಯದೆ ಮುಂದೆ ಹೋಗುವಂತಿಲ್ಲ.

ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಕಾಯಿ ಒಡೆದ ಮೇಲೆ, ಮೊದಲ ರಾಡು ನೆಲಕ್ಕೆ ಹಚ್ಚುವ ಮುಂಚೆ, ರಿಗ್ ನಡೆಸುವವನು ಸುತ್ತಲಿನ ಬಾವಿಗಳ ಕಡೆ ತಿರುಗಿ ಕೂಗಬೇಕು: “ಬಾವ್ಯಾಗ ಇದ್ದವ್ರು ಮ್ಯಾಲ ಬರ್ರೆಪೋ, ಹವಾ ಬಿಡಾಕತ್ತೇವಿ!” ಕಂಪ್ರೆಸರಿನ ಗಾಳಿ ನೆಲದೊಳಗಿನ ಬಿರುಕು ಹಿಡಿದು ಪಕ್ಕದ ಬಾವಿಯಲ್ಲಿ ಗುಳುಗುಳು ಎದ್ದು ಬರುವುದುಂಟು, ಗೋಡೆಯ ಕಲ್ಲು ಕಳಚುವುದುಂಟು. ಅದಕ್ಕೇ ಆ ಕೂಗು.

ಅವತ್ತು ನಾನು ಕೂಗಿದೆನೇ?

ಕೂಗಿದ್ದು ಸ್ಪಷ್ಟವಾಗಿ ನೆನಪಿದೆ. ಎಡಗೈಯಲ್ಲಿ ಅರ್ಧ ಕಾಯಿ, ಬಲಗೈ ಬಾಯಿಯ ಬದಿಗೆ. ಆದರೆ ಆ ನೆನಪಿನಲ್ಲಿ ನನ್ನ ಎದುರು ಎತ್ತರಕ್ಕೆ ಬೆಳೆದ ಕಬ್ಬು ನಿಂತಿದೆ. ಸಾವುಕಾರರ ಹೊಲದ ಸುತ್ತ ಎಲ್ಲಿಯೂ ಕಬ್ಬಿಲ್ಲ.

ಮೊದಲ ರಾಡು ಸುಲಭವಾಗಿ ಇಳಿಯಿತು. ಕೆಂಪು ಮುರುಮು ಮಣ್ಣು, ಗಾಳಿಗೆ ಎದ್ದು ನಮ್ಮನ್ನೆಲ್ಲ ಇಟ್ಟಂಗಿ ಭಟ್ಟಿಯವರಂತೆ ಮಾಡಿತು. ಎರಡನೆಯದರಲ್ಲಿ ಬಿಳಿಯ ಜಿಗುಟು ಮಣ್ಣು ಬಂದು, ರಾಡಿನ ತುದಿಯಲ್ಲಿ ಕೊರೆಯುವ ಬಿಟ್ಟಿನ ಹಲ್ಲಿಗೆಲ್ಲ ಮೆತ್ತಿಕೊಂಡಿತು. ರಾಡಿನ ಕೆಲಸದ ಇಬ್ಬರು ಆಳುಗಳು ಅದನ್ನು ಎತ್ತಿ ತೊಳೆಯುವಷ್ಟರಲ್ಲಿ ಸಾವುಕಾರರು ಚಹಾ ತರಿಸಿದರು.

ಕಂಪ್ರೆಸರ್ ನೋಡಿಕೊಳ್ಳುವವರು ಬಸವಕಲ್ಯಾಣದ ಹಿರಿಯರು. ಎಲ್ಲರಿಗೂ ಅವರು ಚಾಚಾ. ನಮ್ಮ ಕಡೆ ಬರುವ ಮೊದಲು ಅವರು ಎಷ್ಟೋ ವರ್ಷ ಆಂಧ್ರದ ಕಡೆ ಎಣ್ಣೆ ಬಾವಿ ಕೊರೆಯುವ ರಿಗ್ಗಿನಲ್ಲಿ ದುಡಿದಿದ್ದರು. ಸಾವುಕಾರರಿಗೆ ಅದು ತಿಳಿದು ಬಿಟ್ಟಿತ್ತು.

“ಚಾಚಾ, ನೀವು ಖರೇನ ಪೆಟ್ರೋಲಿನ ಬೋರ್ ಹೊಡದೀರೇನ್ರಿ?”

“ಹೊಡದೀನಿ ಸಾವ್ಕಾರ್. ಗೋದಾವರಿ ಸಮುದ್ರಕ್ಕ ಕೂಡೂ ಕಡೆ. ಅದರ ಮುಂದ ಇದು ಆಟಿಗಿ. ಅಲ್ಲಿ ಹವಾ ಅಲ್ಲ, ಪೈಪಿನಾಗ ಕೆಸರು ಬಿಡ್ತಾರ. ಒಬ್ಬಾಂವ ಇಡೀ ದಿನ ಕೆಸರಿನ ಹೊಂಡ ನೋಡಕೋತ ಕುಂತಿರ್ತಾನ. ಕೆಸರು ಗೇಣು ಏರಿತಂದ್ರ ಸೈರನ್ನು.”

“ಏರಿದ್ರ ಏನಾಗ್ತದ?”

“ಕೆಳಗಿಂದ ಗ್ಯಾಸ್ ನೂಕಾಕತ್ತದ ಅಂತ ಲೆಕ್ಕ. ಗೇಟಿನಾಗೇ ಕಡ್ಡಿಪೆಟ್ಟಿಗಿ ಇಸ್ಕೊಂತಾರ, ಮೊಬೈಲ್ ಇಸ್ಕೊಂತಾರ. ಬೀಡಿ ಸೇದೂ ಮಂದಿ ಹದಿನೈದು ದಿನದಾಗ ಸಾಧು ಆಗ್ತಾರ ಅಲ್ಲಿ.”

“ಮತ್ತ ನಮ್ಮ ಹೊಲದಾಗ ಬಿದ್ರ?”

“ಈ ಕರಿಕಲ್ಲಿನಾಗ? ಇದು ಬೆಂಕಿ ಕಾರಿದ ಕಲ್ಲು ಸಾವ್ಕಾರ್. ನಿಮ್ಮ ಅಂಗಡ್ಯಾಗ ಇದ್ದಷ್ಟು ಪೆಟ್ರೋಲ್ ಸುದ್ದಾ ಇದರಾಗಿಲ್ಲ.”

“ನನ್ನ ಅಂಗಡ್ಯಾಗ ಎಲ್ಲಿದು? ಕುಂಕುಮ, ಕರ್ಪೂರ ಮಾರೂ ಮನಷ್ಯಾ ನಾ.”

“ಪ್ಲಾಸ್ಟಿಕ್ ಹಾರ ಎಲ್ಲಿಂದ ಬಂದಾವ? ಮೇಣಬತ್ತಿ? ಕವರು? ದೀಪದ ಎಣ್ಣಿ ಅಂತ ಬಾಟಲಿ ಇಟ್ಟೀರಲ್ಲ, ಅದೇನು ಕುಸುಬಿ ಎಣ್ಣೇನು? ಎಲ್ಲಾ ಅದೇ ಪೈಪಿನಾಗಿಂದ ಬಂದದ್ದು. ದೇವರ ಮುಂದ ನೀವು ನಮ್ಮ ಗೋದಾವರಿ ಕೆಸರು ಸುಡಾಕತ್ತೀರಿ.”

ಸಾವುಕಾರರು ನಕ್ಕರು, ಆದರೆ ಪೂರ್ತಿ ನಗಲಿಲ್ಲ. ಅವರ ಕಣ್ಣು ಬೋರಿನ ಬಾಯಿಯ ಮೇಲಿತ್ತು.

ಮೂರನೆಯ ರಾಡು ಹಚ್ಚುವ ಮೊದಲು ಎಣ್ಣೆಯ ವಿಷಯ ಹೇಳಬೇಕು. ಕಲ್ಲು ಕುಟ್ಟುವ ಹ್ಯಾಮರು ರಾಡಿನ ತುದಿಯಲ್ಲಿ, ನೆಲದೊಳಗೆ, ಗಾಳಿಯ ಬಲದಿಂದ ಬಡಿಯುತ್ತದೆ. ಅದು ಒಣಗಬಾರದೆಂದು ಪ್ರತಿ ಹೊಸ ರಾಡಿನ ಬಾಯಿಗೆ ಒಂದು ಬಾಟಲಿ ಎಣ್ಣೆ ಸುರಿಯುತ್ತೇವೆ. ಅದಕ್ಕೆಂದೇ ತಯಾರಾಗುವ ಎಣ್ಣೆ ಬೇರೆ ಇದೆ. ನಾನು ಸುರಿಯುತ್ತಿದ್ದುದು ಹಳೆಯ ಇಂಜಿನ್ ಎಣ್ಣೆಗೆ ಡೀಸೆಲ್ ಕಲಸಿದ್ದನ್ನು. ನನಗೆ ಕೆಲಸ ಕಲಿಸಿದವನು ಹಾಗೆ ಮಾಡುತ್ತಿದ್ದ, ನಾನೂ ಹಾಗೇ ಮಾಡುತ್ತ ಬಂದೆ. ಹೀಗಾಗಿ ನನ್ನ ಬೋರಿನಿಂದ ಏಳುವ ಮಣ್ಣು, ನೀರು, ನೊರೆ ಎಲ್ಲಕ್ಕೂ ಎಣ್ಣೆಯ ವಾಸನೆ ಇದ್ದದ್ದೇ. ನನ್ನ ಅಂಗಿಗೆ ಆ ವಾಸನೆ, ಬುತ್ತಿಯ ರೊಟ್ಟಿಗೆ ಆ ವಾಸನೆ. ಬರಬರುತ್ತ ಅದು ನನಗೆ ವಾಸನೆಯೇ ಅಲ್ಲವಾಗಿತ್ತು.

ಮೂರನೆಯ ರಾಡು ಮುಗಿಯುವ ಹೊತ್ತಿಗೆ ಮಣ್ಣು ಒದ್ದೆಯಾಯಿತು. ನೊರೆಯ ಮೇಲೆ ಕಾಮನಬಿಲ್ಲಿನ ಬಣ್ಣ ಮೂಡಿತು. ಕಣ್ಣು ಚುರುಗುಟ್ಟಿದವು. ರಾಡಿನ ಆಳು ಒಬ್ಬ ಮೂಗಿಗೆ ಟವೆಲ್ ಹಿಡಿದು ಹಿಂದಿಯಲ್ಲಿ “ಪೆಟ್ರೋಲ್ ಹೈ” ಎಂದ.

“ನಮ್ಮದೇ ಅದು,” ಎಂದೆ ನಾನು. ಎಂದು ನಾಲ್ಕನೆಯ ರಾಡಿನ ಬಾಯಿಗೆ ಇನ್ನೊಂದು ಬಾಟಲಿ ಸುರಿದೆ.

ಇಲ್ಲಿಯೇ ಕೇಸಿಂಗ್ ಪೈಪು ಇಳಿಸಬಹುದಿತ್ತು. ಮೇಲಿನ ಸಡಿಲು ಮಣ್ಣು ಕುಸಿಯದಂತೆ, ಬಿರುಕಿಗೆ ಗಾಳಿ ಹೋಗದಂತೆ ಆ ಪೈಪು ತಡೆಯುತ್ತದೆ. ಆದರೆ ಅದರ ಕಾಲು ಗಟ್ಟಿ ಕಲ್ಲಿನ ಮೇಲೆ ಕೂರಬೇಕು. ಕಲ್ಲು ಇನ್ನೂ ಸಿಕ್ಕಿರಲಿಲ್ಲ. ಇನ್ನೊಂದು ರಾಡು ನೋಡೋಣ ಎಂದುಕೊಂಡೆ.

ನಾಲ್ಕನೆಯ ರಾಡು ಇಳಿಯತೊಡಗಿತು. ಸ್ವಲ್ಪ ಇಳಿಯುತ್ತಲೇ ಬೋರಿನ ಬಾಯಿಂದ ಬರುವ ಗಾಳಿ ಕುಗ್ಗಿತು. ಮಣ್ಣು ಮೇಲೆ ಹಾರದೆ ಅಲ್ಲೇ ಉಸಿರೆಳೆದಂತೆ ಏರಿಳಿಯಿತು. ಹ್ಯಾಮರಿನ ಸದ್ದು ಮಂದವಾಯಿತು. ರಿಗ್ ನಡೆಸುವ ಯಾರಿಗಾದರೂ ಗೊತ್ತು: ಒಳಗೆ ಬಿಟ್ಟ ಗಾಳಿ ವಾಪಸು ಬರುತ್ತಿಲ್ಲವೆಂದರೆ ಬೇರೆಲ್ಲೋ ಹೋಗುತ್ತಿದೆ. ನಾನು ಮಾಡಿದ್ದೇನು? ಕಂಪ್ರೆಸರ್ ಕಡೆ ತಿರುಗಿ ಎರಡು ಬೆರಳು ಮೇಲೆತ್ತಿದೆ. ಹವಾ ಹೆಚ್ಚು ಕೊಡ್ರಿ ಎಂದು ಅದರ ಅರ್ಥ. ಚಾಚಾ ಕೊಟ್ಟರು.

ಎಷ್ಟು ಹೊತ್ತು ಹಾಗೆ ಕೊರೆದೆ? ಸಾವುಕಾರರ ಪ್ರಕಾರ ಚಹಾದ ಕಪ್ಪು ತೊಳೆಯುವಷ್ಟು ಹೊತ್ತು. ಚಾಚಾ ಹೇಳುವಂತೆ ಬಹಳ ಹೊತ್ತು. ನೆಲದೊಳಗೆ ಸಿಕ್ಕ ರಾಡನ್ನು ಆಮೇಲೆ ಅಳೆದು ನೋಡಿದೆ. ನಾಲ್ಕನೆಯದು ಪೂರ್ತಿ ಇಳಿದು, ಗೇಣಷ್ಟೇ ಮೇಲೆ ಉಳಿದಿತ್ತು.

ಚಾಚಾ ಕಂಪ್ರೆಸರಿನ ಮುಂದಿನಿಂದ ಎದ್ದು ಬರುವವರಲ್ಲ. ಅವತ್ತು ಬಂದರು. ಬೋರಿನ ಬಾಯಿಯ ಕೆಸರು ಬೆರಳಲ್ಲಿ ಎತ್ತಿ ಮೂಸಿದರು. ಅಂಗೈಯ ಹಿಂದೆ ಸವರಿಕೊಂಡು ಊದಿದರು. ನಾನು ಮಷೀನಿನ ಸದ್ದಿಗೆ ಅವರ ಬಾಯಿಯ ಹತ್ತಿರ ಕಿವಿ ಒಯ್ದೆ.

“ಡೀಸೆಲ್ ಹಿಂಗ ಆರೂದಿಲ್ಲ ಬೇಟಾ. ಇದು ಆರಾಕತ್ತದ, ಕೈ ತಣ್ಣಗಾಗಾಕತ್ತದ. ಇದು ನಮ್ಮದಲ್ಲ.” ಮತ್ತೆ ಕೇಳಿದರು: “ಹವಾ ಎಲ್ಲಿ ಹೋಗಾಕತ್ತದ?”

ನನ್ನ ಹೆದರಿಕೆ ಶುರುವಾದದ್ದು ಆ ಪ್ರಶ್ನೆಯಿಂದ. ಚಾಚಾ ಓಡಿ ಮೊದಲು ಕೈವಾಲ್ವು ಮುಚ್ಚಿದರು, ಆಮೇಲೆ ಇಂಜಿನ್ ಬಂದ್ ಮಾಡಿದರು. ಆ ಕ್ರಮ ಮುಖ್ಯ. ಸಾಮಾನ್ಯವಾಗಿ ಇಂಜಿನ್ ನಿಂತೊಡನೆ ಟ್ಯಾಂಕಿನ ಗಾಳಿ ತಾನಾಗಿ ಹೊರಗೆ ಹೋಗುತ್ತದೆ. ಹಾಗಾಗದಂತೆ ಹಿಂದಿನ ವಾರವಷ್ಟೇ ಬಸವಕಲ್ಯಾಣದ ಲಾರಿ ವರ್ಕ್‌ಶಾಪಿನಲ್ಲಿ ಚಾಚಾ ಹಟ ಹಿಡಿದು ಒಂದು ಕೈವಾಲ್ವು ಕೂಡಿಸಿಕೊಂಡಿದ್ದರು. “ಎಣ್ಣಿ ರಿಗ್ಗಿನ ರೂಢಿ, ಬಿಡಾಕ ಆಗೂದಿಲ್ಲ,” ಎಂದಿದ್ದರು. ನಾನು ನಕ್ಕಿದ್ದೆ. ಟ್ಯಾಂಕು ತುಂಬಿದ್ದಂತೆಯೇ ಉಳಿಯಿತು.

ಸದ್ದು ನಿಂತಿತು. ಕಂಪ್ರೆಸರ್ ನಿಂತ ಮೇಲೆ ಕಿವಿಯಲ್ಲಿ ಸ್ವಲ್ಪ ಹೊತ್ತು ಅದರದೇ ಗುಂಯ್ ಇರುತ್ತದೆ. ಅದು ಇಳಿದ ಮೇಲೆ ಬೇವಿನ ಮರದ ಆಚೆಯಿಂದ ಹೆಣ್ಣಿನ ದನಿ ಕೇಳಿತು. ಅದು ಆಗ ಶುರುವಾದ ಕೂಗಲ್ಲ. ಗಂಟಲು ಒಡೆದಿತ್ತು. ಎಷ್ಟೋ ಹೊತ್ತಿನಿಂದ ಕೂಗುತ್ತಿದ್ದವಳ ದನಿ ಅದು.

ನಾನು ಓಡಿದೆ. ಕಲ್ಲಿನ ರಾಶಿ ದಾಟಿದಾಗ ಕಂಡದ್ದು: ಅವಳು ಬಾವಿಯ ದಂಡೆಯಲ್ಲಿ ಮಂಡಿ ಊರಿ ಕೂತಿದ್ದಾಳೆ, ಮುಂದೆ ಕಂದೀಲು, ಗಾಜು ಮೇಲೆತ್ತಿದೆ, ಕೈಯಲ್ಲಿ ಕಡ್ಡಿ ಗೀರುತ್ತಿದ್ದಾಳೆ. ಒಂದು ಕಡ್ಡಿ ಮುರಿದು ಎರಡನೆಯದು ಕೈಗೆ ಬಂದಿತ್ತು.

ಬೆಳಗಿನ ಕಂದೀಲಿನ ಅರ್ಥ ಆಗ ತಿಳಿಯಿತು. ಬಾವಿಗಿಳಿಯುವವರು ಮೊದಲು ದೀಪ ಇಳಿಸಿ ನೋಡುತ್ತಾರೆ. ದೀಪ ಆರಿದರೆ ಕೆಳಗೆ ಕೆಟ್ಟ ಗಾಳಿ, ಉರಿದರೆ ಮನುಷ್ಯ ಇಳಿಯಬಹುದು. ಬೆಳಿಗ್ಗೆ ಅದು ಚೆನ್ನಾಗಿ ಉರಿದಿತ್ತು. ಈಗ ಗಂಡ ಕೆಳಗೆ ಮಾತಾಡುತ್ತಿಲ್ಲ. ತಾನು ಇಳಿಯಬೇಕು, ಇಳಿಯುವ ಮುಂಚೆ ದೀಪ ಇಳಿಸಬೇಕು. ಅವಳು ಕಲಿತದ್ದರಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಆದರೆ ಬಾವಿಯಿಂದ ಮೂಗಿಗೆ ಹೊಡೆಯುತ್ತಿದ್ದುದು ಪೆಟ್ರೋಲು.

ವಿವರಿಸಲು ಹೊತ್ತಿರಲಿಲ್ಲ. ಕೈಗೆ ಹೊಡೆದೆ. ಕಡ್ಡಿಪೆಟ್ಟಿಗೆ ಹಾರಿ ದೂರ ಬಿತ್ತು. ಅವಳು ಎದ್ದು ನನ್ನ ಕೆನ್ನೆಗೆ ಬಾರಿಸಿದಳು.

“ಹುಚ್ಚು ಹಿಡದದೇನೋ ನಿನಗ? ನನ್ನ ಗಂಡ ಕೆಳಗ ಬಿದ್ದಾನ!”

“ಪೆಟ್ರೋಲ್ ಯಕ್ಕಾ, ಬಾವಿ ತುಂಬಾ ಪೆಟ್ರೋಲ್ ಹವಾ ಅದ. ಕಡ್ಡಿ ಗೀರಿದ್ರ ಎಲ್ಲಾರೂ ಸುಟ್ಟು ಹೋಗ್ತೀವಿ.”

“ಪೆಟ್ರೋಲ್ ಎಲ್ಲಿಂದ ಬಂತು ಬಾವ್ಯಾಗ? ನೀವು ಬಿಟ್ಟೀರಿ! ಮಂದಿ ಇಳದಾರ ಅಂತ ಒಂದು ಮಾತು ಕೇಳಬಾರದ?”

ಇದಕ್ಕೆ ನಾನು ಏನು ಹೇಳಿದೆನೋ ಗೊತ್ತಿಲ್ಲ. ಕೂಗಿದ್ದೆ ಎಂದೆನೋ, ಇಲ್ಲವೋ.

ಬಗ್ಗಿ ನೋಡಿದೆ. ಸುಮಾರು ನಲವತ್ತೈದು ಅಡಿ. ತಳದಲ್ಲಿ ಪಾದ ಮುಳುಗುವಷ್ಟು ನೀರು, ಅದರ ತುಂಬ ಗುಳ್ಳೆ. ನಾನು ಒತ್ತಿ ಕಳಿಸಿದ ಗಾಳಿ ಇನ್ನೂ ಏಳುತ್ತಿತ್ತು. ಅವನು ತಳದಿಂದ ಆಳೆತ್ತರದಲ್ಲಿ ಗೋಡೆಯಿಂದ ಚಾಚಿದ ಮೆಟ್ಟಿಲ ಕಲ್ಲಿನ ಮೇಲೆ, ಗೋಡೆಗೆ ಒರಗಿ ಕೂತಿದ್ದ. ಗದ್ದ ಎದೆಗೆ ಬಿದ್ದಿತ್ತು. ಏರಿ ಬರಲು ನೋಡಿ ಅಲ್ಲೇ ಕುಸಿದಿರಬೇಕು. ಇನ್ನೊಂದು ಸ್ವಲ್ಪ ವಾಲಿದರೆ ಮುಖ ನೀರಿಗೆ. ಬುಟ್ಟಿ ಅವನ ಪಕ್ಕದಲ್ಲಿ ತೂಗುತ್ತಿತ್ತು.

ರಾಡಿನ ಆಳು ಒಬ್ಬ ಅಂಗಿ ಬಿಚ್ಚುತ್ತಿದ್ದ, ಇಳಿಯಲು. ಅವನಿಗಿಂತ ಮೊದಲು ಅವಳು ಸೆರಗು ಸೊಂಟಕ್ಕೆ ಕಟ್ಟಿ ಮೊದಲ ಮೆಟ್ಟಿಲಿಗೆ ಕಾಲು ಇಟ್ಟಳು.

ಚಾಚಾ ಏದುಸಿರು ಬಿಡುತ್ತ ಬಂದರು. ಬಗ್ಗಿ ನೋಡಲೂ ಇಲ್ಲ. ದೂರ ನಿಂತೇ ಹೇಳಿದರು: “ಗೋದಾವರಿ ಕಡೆ ನಾ ನೋಡೀನಿ. ಒಬ್ಬಾಂವ ಬೀಳ್ತಾನ, ಅವನ್ನ ಎತ್ತಾಕ ಇನ್ನೊಬ್ಬಾಂವ ಇಳೀತಾನ, ಅವನ್ನ ಎತ್ತಾಕ ಮತ್ತೊಬ್ಬಾಂವ. ಮೂರು ಹೆಣ.”

ಹೆಣ ಎಂಬ ಮಾತಿಗೆ ಅವಳು ಚಾಚಾನನ್ನು ಸೀಳುವಂತೆ ನೋಡಿದಳು.

ಎಲ್ಲರೂ ನನ್ನ ಮುಖ ನೋಡಿದರು. ರಿಗ್ಗು ನನ್ನದು ಎಂಬ ಕಾರಣಕ್ಕೆ ಇರಬೇಕು. ಕಂಪ್ರೆಸರ್ ಹಚ್ಚಿ ಬಾವಿಗೆ ಗಾಳಿ ಊದೋಣವೆಂದರೆ ಇಂಜಿನ್ ಬೇಕು, ಇಂಜಿನ್ ಎಂದರೆ ಕಿಡಿ. ವಾಸನೆ ದಂಡೆಯ ಮೇಲೂ ಹರಿದಿತ್ತು. ಸುಮ್ಮನಿದ್ದರೆ ಅವನು ಸಾಯುತ್ತಾನೆ. ಯಾರನ್ನಾದರೂ ಇಳಿಸಿದರೆ ಅವರೂ. ಧೈರ್ಯದಿಂದ ಯೋಚಿಸಿದೆ ಎಂದು ಬರೆಯಲಾರೆ. ಇಳಿಯುವ ಸರದಿ ನನಗೆ ಬಂದೀತೆಂಬ ಭಯವೇ ನನ್ನಿಂದ ಯೋಚನೆ ಮಾಡಿಸಿತು ಅನ್ನಿಸುತ್ತದೆ.

“ಚಾಚಾ, ಟ್ಯಾಂಕಿನಾಗ ಹವಾ ಎಷ್ಟದ?”

“ಮುನ್ನೂರರ ಮ್ಯಾಲ ಅದ ಮುಳ್ಳು. ಯಾಕ?” ಎಂದವರು ನನ್ನ ಮುಖ ನೋಡಿ ತಿಳಿದುಕೊಂಡರು. “ಇಂಜಿನ್ ಹಚ್ಚದ?”

“ಇಂಜಿನ್ ಹಚ್ಚದ. ನೂಕಿಕೊಂಡ ಬರೂಣು. ಇದ್ದಷ್ಟೇ ಹವಾ.”

“ಒಂದೇ ಸಲ ಆಗ್ತದ. ಖಾಲಿ ಆದ್ರ ಖಾಲಿ.”

“ಯಾರೂ ಇಳಿಯೂದಿಲ್ಲ,” ಎಂದೆ ಅವಳಿಗೆ. “ಹವಾ ಇಳಿಸ್ತೀವಿ. ಅವಗ ಎಚ್ಚರಾದ್ರ ತಾನ ಬುಟ್ಟ್ಯಾಗ ಕೂಡಬೇಕು. ನೀ ಮಾತಾಡಸ್ಕೋತ ಇರು.”

“ಎಚ್ಚರಾಗಲಿಲ್ಲಂದ್ರ?”

ನಾನು ಲಾರಿಯ ಕಡೆ ಓಡಿದೆ.

ಗಾಳಿ ಪಡುವಣದಿಂದ ಬೀಸುತ್ತಿತ್ತು. ಕಂಪ್ರೆಸರ್ ಲಾರಿಯನ್ನು ಆ ಬದಿಯಿಂದ ತರಬೇಕು. ಇಳಿಜಾರು ನಮ್ಮ ಪಾಲಿಗಿತ್ತು. ಗೇರು ತಪ್ಪಿಸಿ, ಬ್ರೇಕು ಬಿಟ್ಟು, ನಾನು, ಆಳುಗಳು, ಸಾವುಕಾರರು ನೂಕಿದೆವು. ಚಾಚಾ ಸ್ಟೇರಿಂಗ್ ಹಿಡಿದರು. ಸಾವುಕಾರರು ಬಿಳಿ ಧೋತರದಲ್ಲೇ ಗಾಲಿಗೆ ಕಲ್ಲು ಒಡ್ಡುತ್ತ, ತೆಗೆಯುತ್ತ ಬಂದರು. ಕಬ್ಬಿಣ ಕಲ್ಲಿಗೆ ತಾಗಿದಾಗಲೆಲ್ಲ ನನ್ನ ಹಲ್ಲು ಕಚ್ಚಿಕೊಳ್ಳುತ್ತಿತ್ತು.

ಹೋಸ್ ಪೈಪು ಎರಡು ತುಂಡು ಜೋಡಿಸಿದೆವು. ಅದರ ತುದಿಯ ಕಬ್ಬಿಣದ ಮೂತಿ ಗೋಡೆಗೆ ಬಡಿದರೆ ಕಿಡಿ ಏಳಬಹುದು ಎಂದು ಚಾಚಾ ಅದಕ್ಕೆ ಒದ್ದೆ ಗೋಣಿ ಸುತ್ತಿಸಿದರು. ಗಾಳಿ ಹರಿಯುವಾಗ ರಬ್ಬರಿನಲ್ಲೂ ಕಿಡಿ ಹುಟ್ಟುತ್ತದಂತೆ. ಪೆಟ್ರೋಲ್ ಟ್ಯಾಂಕರುಗಳು ರಸ್ತೆಗೆ ಸರಪಳಿ ತಾಗಿಸಿ ಎಳೆದುಕೊಂಡು ಹೋಗುತ್ತವಲ್ಲ, ಅದೇ ರೀತಿ ಮೂತಿಗೆ ಒಂದು ತಂತಿ ಕಟ್ಟಿ ಅದರ ಇನ್ನೊಂದು ತುದಿಯನ್ನು ಕೆಸರು ನೆಲದಲ್ಲಿ ಹೂಳಿಸಿದರು. ನನಗೆ ಕೂಗಿಬಿಡಬೇಕು ಅನ್ನಿಸುತ್ತಿತ್ತು: ಅವನು ಸಾಯಾಕತ್ತಾನ, ನೀವು ತಂತಿ ಕಟ್ಟಾಕತ್ತೀರಿ. ಕೂಗಲಿಲ್ಲ. ಅವರಿಗೆ ತಂತಿ ಹಿಡಿದು ಕೊಟ್ಟೆ.

ಇಷ್ಟು ಹೊತ್ತೂ ಅವಳು ದಂಡೆಯಲ್ಲಿ ಮಲಗಿ ಕೆಳಗೆ ಮಾತಾಡುತ್ತಿದ್ದಳು. ಅಳುತ್ತಿರಲಿಲ್ಲ, ಬೈಯುತ್ತಿದ್ದಳು.

“ಏ ಭಾಡ್ಯಾ, ನಿದ್ದಿ ಹತ್ತೇದೇನು ನಿನಗ? ಮನ್ಯಾಗ ಮಲಗು ಅಂದ್ರ ಒಲ್ಲೆ ಅಂತಿ, ಬಾವ್ಯಾಗ ಮಲಗ್ತಿ? ಮಾರಿ ಎತ್ತು!”

ಹೋಸ್ ಇಳಿಸಿದೆವು. ಅವನ ತಲೆಯ ಮೇಲೆ ಒಂದು ಮೊಳ ಇರುವಾಗ ನಿಲ್ಲಿಸಿ ನಾನು ಕೈ ಎತ್ತಿದೆ. ಈ ಸಲ ಒಂದೇ ಬೆರಳು. ಚಾಚಾ ವಾಲ್ವು ಕೂದಲೆಳೆಯಷ್ಟು ತಿರುವಿದರು. ಸುಯ್ ಎಂದಿತು. ಹೆಚ್ಚು ಬಿಟ್ಟರೆ ಅವನು ಕಲ್ಲಿನಿಂದ ಉರುಳುತ್ತಾನೆ, ಕಡಿಮೆ ಬಿಟ್ಟರೆ ಸಾಲದು. ಅವನ ತಲೆಗೂದಲು ಅಲುಗಿತು. ಅದು ಗಾಳಿಗೆ ಅಲುಗಿದ್ದು, ಅವನು ಅಲುಗಿದ್ದಲ್ಲ.

“ಎರಡುನೂರಾ ಎಂಬತ್ತು,” ಎಂದರು ಚಾಚಾ.

“ನಿನ್ನ ತಂಗಿ ಮದಿವ್ಯಾಗ ಕುಡದು ಬಿದ್ದಾಗ ನಾನೇ ಎಬ್ಬಿಸಿದ್ನಿ, ನೆನಪದೇನು? ಏಳು!”

“ಎರಡುನೂರಾ ಐವತ್ತು.”

ಸಾವುಕಾರರು ಕೈ ಮುಗಿದು ಏನೋ ಗುಣುಗುಣಿಸುತ್ತಿದ್ದರು.

“ಎರಡುನೂರಾ ಇಪ್ಪತ್ತು. ಸಣ್ಣ ಮಾಡಲೇನು?”

“ಬ್ಯಾಡ್ರಿ.”

ಅವನ ಗದ್ದ ಎದೆಯಿಂದ ಮೇಲೆ ಬಂತು. ಅಷ್ಟೇ. ಮತ್ತೆ ಕೆಳಗೆ ಹೋಯಿತು. ಮತ್ತೆ ಬಂತು. ಬಾಯಿ ತೆರೆದು ಕೆಮ್ಮಿದ. ಆ ಕೆಮ್ಮು ಬಾವಿಯೊಳಗಿಂದ ದೊಡ್ಡದಾಗಿ ಕೇಳಿತು. ಅವಳು ನನ್ನ ತೋಳು ಹಿಡಿದಳು, ಉಗುರು ನಾಟಿದವು.

ಆಮೇಲಿನದನ್ನು ನಾನು ಇವತ್ತಿಗೂ ಕನಸಲ್ಲಿ ಕಾಣುತ್ತೇನೆ. ಅವನು ಕಣ್ಣು ಪೂರ್ತಿ ತೆರೆದಿರಲಿಲ್ಲ. ಎಲ್ಲಿದ್ದೇನೆಂದು ತಿಳಿದಿರಲಿಲ್ಲ. ಕೆಲಸ ನಿಂತಿದೆ, ಕಲ್ಲಿನ ಮೇಲೆ ಕೂತಿದ್ದೇನೆ ಎಂಬಷ್ಟೇ ದೇಹಕ್ಕೆ ಗೊತ್ತಿತ್ತೇನೋ. ಅವನ ಬಲಗೈ ನಿಧಾನವಾಗಿ ಕಿವಿಯ ಹಿಂದೆ ಹೋಯಿತು. ಅಲ್ಲಿ ಸಿಕ್ಕಿಸಿದ್ದ ಬೀಡಿ ತೆಗೆದ. ತುಟಿಗಿಟ್ಟ. ಎಡಗೈ ಚಡ್ಡಿಯ ಕಿಸೆಗೆ ಇಳಿಯಿತು.

ಚಾಚಾ “ಯಾ ಅಲ್ಲಾ” ಎಂದರು. ಅವಳ ದನಿಯೊಂದೇ ಎದ್ದಿತು.

“ಬೀಡಿ ಹಚ್ಚಿದ್ಯೋ ನಿನ್ನ ಕೂಡ ಬಾಳೂದಿಲ್ಲ ನೋಡು! ಇವತ್ತೇ ತವರಿಗಿ ಹೋಗ್ತೀನಿ! ಒಗಿ ಅದನ್ನ! ಒಗಿ ಅಂತೀನಿ!”

ಕೈ ಕಿಸೆಯಲ್ಲೇ ನಿಂತಿತು. ಅವನು ಮುಖ ಮೇಲೆತ್ತಿದ. ಬೀಡಿ ತುಟಿಯಿಂದ ತಾನೇ ಜಾರಿ ನೀರಿಗೆ ಬಿತ್ತು.

“ಯಾಕ ಒದರಾಕತ್ತಿ?” ಎಂದ, ಕುಡಿದವನ ಹಾಗೆ.

“ಬುಟ್ಟ್ಯಾಗ ಕುಂಡ್ರು. ಕಾಲು ಒಳಗಿಡು. ಹಗ್ಗ ತೋಳಿಗಿ ಸುತ್ತು. ಎರಡು ಸುತ್ತು. ಎರಡು ಅಂದ್ನಿ!”

“ನೂರಾ ನಲವತ್ತು,” ಎಂದರು ಚಾಚಾ.

ಅವನು ಒಂದು ಕಾಲು ಇಟ್ಟ. ಇನ್ನೊಂದು ತಪ್ಪಿತು. ಮತ್ತೆ ಇಟ್ಟ. ನೈಲಾನ್ ಹಗ್ಗವನ್ನು ತೋಳಿಗೆ ಸುತ್ತಿಕೊಂಡು, ಹೇಳಿದ ಕೆಲಸ ಮುಗಿಸಿದವನಂತೆ ಅದರ ಮೇಲೇ ಒರಗಿದ. ನಾನು, ಇಬ್ಬರು ಆಳುಗಳು, ಅವಳು ಎಳೆದೆವು. ಸಾವುಕಾರರು ಹೋಸನ್ನು ಅವನ ಮುಖದ ಜೊತೆಗೇ ಮೇಲೆ ತಂದರು. ಅರ್ಧಕ್ಕೆ ಬಂದಾಗ ಸುಯ್ ಎಂಬ ಸದ್ದು ಸಣ್ಣಗಾಗಿ ನಿಂತಿತು. ಚಾಚಾ ಮುಳ್ಳಿನ ಲೆಕ್ಕ ಹೇಳುವುದನ್ನು ಬಿಟ್ಟರು.

ದಂಡೆಗೆ ಎಳೆದು ಹಾಕಿದಾಗ ಅವನು ವಾಂತಿ ಮಾಡಿದ. ಅವಳು ಅವನ ಕಿಸೆಗೆ ಕೈ ಹಾಕಿ ಕಡ್ಡಿಪೆಟ್ಟಿಗೆ ತೆಗೆದು ಹಿಂಡಿದಳು. ಕೆಸರು ನೀರು ಸುರಿಯಿತು. ಒದ್ದೆಯಾಗಿತ್ತು, ಹತ್ತುತ್ತಿರಲಿಲ್ಲ. ಅಂದರೆ ಅಷ್ಟು ಹೆದರಬೇಕಾಗಿರಲಿಲ್ಲ ಎಂದು ಆಮೇಲೆ ಒಬ್ಬರು ನನಗೆ ಹೇಳಿದರು. ಆ ಮಾತು ನನಗೆ ಯಾವ ಉಪಯೋಗಕ್ಕೂ ಬಂದಿಲ್ಲ.

ಅವನು ಹುಮನಾಬಾದಿನ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಮನೆಗೆ ಹೋದ. ಹೊಲಕ್ಕೆ ಅಧಿಕಾರಿಗಳು ಬಂದರು, ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋದರು. ಮೇಲೆ ಹೆದ್ದಾರಿಯ ಅಂಚಿನಲ್ಲಿ, ಎಂದೋ ಮುಚ್ಚಿದ ಒಂದು ಪೆಟ್ರೋಲ್ ಬಂಕಿನ ಟ್ಯಾಂಕು ನೆಲದೊಳಗೇ ಉಳಿದಿತ್ತು, ತೂತಾಗಿತ್ತು. ಸೋರಿದ ಪೆಟ್ರೋಲು ಮಣ್ಣಿಗೂ ಕಲ್ಲಿಗೂ ನಡುವಿನ ಸಡಿಲು ಪದರದಲ್ಲಿ, ನೀರಿನ ಮೇಲೆ ತೇಲುತ್ತ, ಯಾರಿಗೂ ಕಾಣದೆ ಇಳಿಜಾರಿಗೆ ಬಂದು ನಿಂತಿತ್ತು. ಅದನ್ನು ಬಾವಿಗೆ ನೂಕಿದ್ದು ನನ್ನ ನಾಲ್ಕನೆಯ ರಾಡು. ಬೋರನ್ನು ಸಿಮೆಂಟಿನಿಂದ ಮುಚ್ಚಿದೆವು. ಸಾವುಕಾರರು ಆ ಪೆಟ್ರೋಲು ನೀರನ್ನು ಒಂದು ಬಾಟಲಿ ತುಂಬಿಟ್ಟುಕೊಂಡಿದ್ದರಂತೆ. ಚಾಚಾ ಅಂಗಡಿಗೆ ಹೋಗಿ, ಕರ್ಪೂರದ ಪಕ್ಕದಿಂದ ಅದನ್ನು ಎತ್ತಿಕೊಂಡು ಬಂದರು.

ಕೂಗಿನ ವಿಷಯ ಮಾತ್ರ ಮುಗಿಯಲಿಲ್ಲ. ಸಾವುಕಾರರನ್ನು ಕೇಳಿದೆ. “ಕೂಗಿದ್ರಿ, ನಾ ಕೇಳೀನಿ,” ಎಂದರು, ಬಹಳ ಬೇಗ. ಚಾಚಾನನ್ನು ಕೇಳಿದೆ. “ನಾ ಇಂಜಿನ್ ಹಚ್ಚಾಕತ್ತಿದ್ನಿ,” ಎಂದರು.

ಮುಂದಿನ ಬೇಸಿಗೆಯಲ್ಲಿ ಬಿಟ್ಟಿನ ಹಲ್ಲು ಮಸೆಸಲು ಬಸವಕಲ್ಯಾಣಕ್ಕೆ ಹೋಗಿದ್ದೆ. ಊರ ಹೊರಗೆ ಒಂದು ತೋಟದ ಬಾವಿಯ ದಂಡೆಯಲ್ಲಿ ಅವಳು ಕಂಡಳು, ರಾಟೆ ಎಳೆಯುತ್ತಿದ್ದಳು. ಪಕ್ಕದಲ್ಲಿ ಕಂದೀಲು. ಅವನು ಕೆಳಗಿದ್ದ.

“ಯಾರ್ ಬಂದಾರ ನೋಡು, ಬೋರಿನ ಅಣ್ಣಾ,” ಎಂದು ಅವಳು ಬಾವಿಗೆ ಹೇಳಿದಳು.

“ಚೊಲೋ ಅದೀರೇನ್ರಿ?” ಎಂದು ಕೆಳಗಿನಿಂದ ದನಿ ಬಂತು.

ನಾನು ದಂಡೆಯಲ್ಲಿ ಕೂತೆ. ಮತ್ತೆ ಬಾವಿಗೆ ಯಾಕೆ ಇಳಿದೆ ಎಂದು ಕೇಳಲು ನನಗೇನು ಹಕ್ಕು? ನಾನೂ ರಿಗ್ಗು ಬಿಟ್ಟಿಲ್ಲ. ಬಾವಿಗೆ ಬಗ್ಗಿ, ಕೇಳಬೇಕಾದದ್ದನ್ನು ಅವನನ್ನೇ ಕೇಳಿದೆ: ಅವತ್ತು ನಾನು ಕೂಗಿದ್ದು ನಿನಗೆ ಕೇಳಿಸಿತ್ತೇ?

“ಕೇಳಿತ್ರಿ. ಇನ್ನ ನಾಕು ಬುಟ್ಟಿ ಉಳದಿದ್ವು, ತುಂಬಿ ಬರೂಣು ಅಂತ ಕುಂತೆ. ತಪ್ಪು ನಂದೇ.”

ಅವಳು ರಾಟೆ ನಿಲ್ಲಿಸಿದ್ದಳು. ಹಗ್ಗದ ಕಡೆ ನೋಡುತ್ತಿದ್ದಳು.

ನಾನು ಎದ್ದೆ. ಅರವತ್ತು ಹೆಜ್ಜೆ ಎಣಿಸಿ ನಡೆದೆ. ಅಲ್ಲೊಂದು ಒಡ್ಡು ಇತ್ತು, ಅದರ ಆಚೆಗೆ ಇಳಿದು ನಿಂತೆ. ಅಲ್ಲಿಂದ ಬಾವಿ ಕಾಣುತ್ತಿರಲಿಲ್ಲ. ಯಾವ ಮಷೀನಿನ ಸದ್ದೂ ಇರಲಿಲ್ಲ. ಬಲಗೈ ಬಾಯಿಯ ಬದಿಗಿಟ್ಟು ಬಾಯಿ ತೆರೆದೆ. ದನಿ ಹೊರಡಲಿಲ್ಲ. ತುಟಿಗಳಷ್ಟೇ ಆಡಿದವು. ವಾಪಸು ಬಂದೆ.

“ಈಗ ಕೂಗಿದ್ನಲ್ಲ,” ಎಂದೆ ಬಾವಿಗೆ ಬಗ್ಗಿ. “ಕೇಳಿತೇನು?”

“ಕೇಳಿತ್ರಿ, ಚೊಲೋ ಕೇಳಿತು.”

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ದಂಡೆಯಲ್ಲಿ ಕೂತ ಅವಳಿಗೆ ಏನೂ ಕೇಳಿಸಿರಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

“ಬುಟ್ಟಿ ತುಂಬೇದ,” ಎಂದ ಅವನು ಕೆಳಗಿನಿಂದ. “ಎಳೀರಿ.”

ಅವಳು ಹಗ್ಗಕ್ಕೆ ಕೈ ಹಾಕಿದಳು. ಹಗ್ಗದ ಹಿಂದಿನ ತುದಿಯನ್ನು ನಾನು ಹಿಡಿದೆ.